ಕೆರೆತ ನಿಲ್ಲದ ಲ್ಯಾಬ್ರಡಾರ್: ಕೋಳಿ ಬಿಡಿಸಿದರೆ ಸಾಕೇ?

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿರುವವರು. ನಮ್ಮ ಲ್ಯಾಬ್ರಡಾರ್ ಬ್ರೂನೋಗೆ ಮೂರು ವರ್ಷ, ತೂಕ 30 ಕೆ.ಜಿ. ಒಂದೂವರೆ ವರ್ಷದಿಂದ ಮೈ ಕೆರೆದುಕೊಳ್ಳುತ್ತಲೇ ಇದ್ದಾನೆ. ರಾತ್ರಿಯೆಲ್ಲ ಮುಂಗಾಲಿನ ಪಾದ ನೆಕ್ಕುತ್ತಾನೆ, ಕಿವಿ ಪದೇ ಪದೇ ವಾಸನೆ ಬರುತ್ತದೆ, ಮಳೆಗಾಲದಲ್ಲಿ ಎಲ್ಲವೂ ಹೆಚ್ಚು. ಮೂರು ಸಲ ಇಂಜೆಕ್ಷನ್ ಹಾಕಿಸಿದೆವು. ಪ್ರತಿ ಸಲ ಒಂದು ತಿಂಗಳು ಆರಾಮ, ಆಮೇಲೆ ಯಥಾಪ್ರಕಾರ. ಕೊನೆಯದನ್ನು ಹಾಕಿಸಿ 15 ದಿನವಾಯಿತು. ಮರಿಯಿದ್ದಾಗಿನಿಂದ ಕೋಳಿ-ಅನ್ನ, ಮೊಟ್ಟೆ, ಹಾಲು ಕೊಡುತ್ತಿದ್ದೆವು. ಕೋಳಿ ಉಷ್ಣ ಎಂದು ಎಲ್ಲರೂ ಹೇಳಿದ್ದರಿಂದ ಅದನ್ನು ನಿಲ್ಲಿಸಿ, ಕುರಿಮಾಂಸದ್ದು, ಸಾಲ್ಮನ್ ಮೀನಿನದು, ಧಾನ್ಯವಿಲ್ಲದ್ದು ಎಂದು ಮೂರು ಬಗೆಯ ಒಣ ಆಹಾರವನ್ನು ತಲಾ ಎರಡು-ಮೂರು ವಾರ ಕೊಟ್ಟು ನೋಡಿದೆವು. ಪ್ರಯೋಜನವಾಗಲಿಲ್ಲ. ಯಾವ ಆಹಾರ ಕೊಡಬೇಕು? ಜೀವನಪೂರ್ತಿ ಇಂಜೆಕ್ಷನ್ ಹಾಕಿಸುತ್ತಲೇ ಇರಬೇಕೆ?

ಉತ್ತರ: ನಡುರಾತ್ರಿಯಲ್ಲಿ ನಾಯಿ ಪಾದ ನೆಕ್ಕುವ ಸದ್ದು ಕೇಳುತ್ತ ಮಲಗುವ ಕಷ್ಟ ನನಗೆ ಗೊತ್ತಿದೆ. ಒಂದೂವರೆ ವರ್ಷ ನೀವು ಕೈಚೆಲ್ಲಿ ಕೂತಿಲ್ಲ ಎಂಬುದೂ ನಿಮ್ಮ ಪತ್ರದಿಂದ ತಿಳಿಯುತ್ತದೆ. ಆದರೆ ಯಾವ ಆಹಾರ ಕೊಡಬೇಕು ಎಂದು ಹೇಳುವುದಕ್ಕೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಬ್ರೂನೋಗೆ ಆಹಾರದ ಅಲರ್ಜಿ ಇದೆಯೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಮೂರು ಚೀಲ ಬದಲಿಸಿದ್ದರಿಂದ ಅದು ಇಲ್ಲವೆಂದೂ ಸಾಬೀತಾಗಲಿಲ್ಲ, ಇದೆಯೆಂದೂ ಸಾಬೀತಾಗಲಿಲ್ಲ. ಆಹಾರ ಬದಲಿಸುವುದು ಬೇರೆ, ಆಹಾರದ ಪರೀಕ್ಷೆ ಮಾಡುವುದು ಬೇರೆ. ನಿಮ್ಮ ಮನೆಯಲ್ಲಿ ಈವರೆಗೆ ನಡೆದಿರುವುದು ಮೊದಲನೆಯದು ಮಾತ್ರ.

ಉಷ್ಣದ ಮಾತನ್ನು ಮೊದಲು ಮುಗಿಸೋಣ. ಕೋಳಿಯಿಂದ ಕೆಲವು ನಾಯಿಗಳಿಗೆ ಕೆರೆತ ಬರುವುದು ನಿಜ, ಆದರೆ ಅದಕ್ಕೆ ಕಾರಣ ಉಷ್ಣವಲ್ಲ. ದೇಹದ ರಕ್ಷಣಾ ವ್ಯವಸ್ಥೆಯು ಆಹಾರದಲ್ಲಿರುವ ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ ಅದರ ಮೇಲೆ ಎಗರಿದಾಗ ಅಲರ್ಜಿ ಉಂಟಾಗುತ್ತದೆ. ಹೀಗೆ ಗುರುತಿಸಬೇಕಾದರೆ ಆ ಪ್ರೋಟೀನಿನ ಪರಿಚಯ ಮೊದಲೇ ಆಗಿರಬೇಕು. ಆದ್ದರಿಂದಲೇ ನಾಯಿಗೆ ಅಲರ್ಜಿ ಬರುವುದು ನಿನ್ನೆ ಮೊನ್ನೆ ತಿಂದ ಹೊಸ ವಸ್ತುವಿಗಿಂತ ತಿಂಗಳು, ವರ್ಷಗಳಿಂದ ತಿನ್ನುತ್ತ ಬಂದ ವಸ್ತುವಿಗೇ ಹೆಚ್ಚು. 'ಮೊದಲಿನಿಂದಲೂ ಇದನ್ನೇ ತಿನ್ನುತ್ತಿದ್ದಾನೆ, ಆಗ ಏನೂ ಆಗಿರಲಿಲ್ಲ' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆಹಾರದ ಅಲರ್ಜಿ ಖಚಿತವಾಗಿದ್ದ 297 ನಾಯಿಗಳ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯಲ್ಲಿ ದನದ ಮಾಂಸಕ್ಕೆ ಶೇ. 34, ಹಾಲಿನ ಪದಾರ್ಥಗಳಿಗೆ ಶೇ. 17, ಕೋಳಿಗೆ ಶೇ. 15, ಗೋಧಿಗೆ ಶೇ. 13 ನಾಯಿಗಳು ಪ್ರತಿಕ್ರಿಯಿಸಿದ್ದವು. ಆ ನಾಯಿಗಳು ಹೆಚ್ಚಾಗಿ ಪಶ್ಚಿಮದ ದೇಶಗಳವು, ಅಲ್ಲಿನ ಊಟ ಉಂಡವು. ನಮ್ಮ ಮನೆಗಳ ನಾಯಿಗಳ ವಿಚಾರದಲ್ಲಿ ನಾನು ಮೊದಲು ಅನುಮಾನಿಸುವುದು ಕೋಳಿ, ಹಾಲು-ಮೊಸರು, ಮೊಟ್ಟೆ ಮತ್ತು ಬಿಸ್ಕತ್ತಿನ ಗೋಧಿಯನ್ನು. 'ಧಾನ್ಯವಿಲ್ಲದ' ಆಹಾರ ಏಕೆ ಕೈಕೊಟ್ಟಿರಬಹುದೆಂಬುದೂ ಈ ಲೆಕ್ಕದಿಂದ ತಿಳಿಯುತ್ತದೆ: ಅಲರ್ಜಿ ಹುಟ್ಟಿಸುವುದು ಬಹುಪಾಲು ಪ್ರಾಣಿಜನ್ಯ ಪ್ರೋಟೀನು, ಅದು ಆ ಚೀಲದಲ್ಲೂ ಇದ್ದೇ ಇರುತ್ತದೆ.

ಆದರೂ ಊಟದ ತಟ್ಟೆಗೆ ಕೈ ಹಾಕುವ ಮೊದಲು ಚರ್ಮವನ್ನು ನೋಡಬೇಕು. ಕಾಫಿ ತೋಟದಲ್ಲಿ ಓಡಾಡುವ ನಾಯಿಗೆ ಚಿಗಟ, ಉಣ್ಣೆ, ನುಸಿ ಇಲ್ಲವೆಂದು ಪರೀಕ್ಷಿಸದೆ ಹೇಳುವ ಧೈರ್ಯ ನನಗಿಲ್ಲ. 'ನಮ್ಮ ನಾಯಿಯ ಮೈಯಲ್ಲಿ ಒಂದೂ ಚಿಗಟ ಕಂಡಿಲ್ಲ' ಎನ್ನುವವರಿಗೆ ನಾನು ಒಂದು ಸಣ್ಣ ಪರೀಕ್ಷೆ ಹೇಳಿಕೊಡುತ್ತೇನೆ. ನಾಯಿಯನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ, ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಮತ್ತು ಸೊಂಟದ ಮೇಲ್ಭಾಗವನ್ನು ಚೆನ್ನಾಗಿ ಬಾಚಿ. ಕರಿಮೆಣಸಿನ ಪುಡಿಯಂತಹ ಕಣಗಳು ಉದುರಿದರೆ ಅವನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಎರಡು ನಿಮಿಷ ಬಿಡಿ. ಬರಿಯ ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ; ಚಿಗಟದ ಹಿಕ್ಕೆಯಾದರೆ ಕಣದ ಸುತ್ತ ಇಟ್ಟಿಗೆ ಬಣ್ಣದ ಒಂದು ವೃತ್ತ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ನಾಯಿಯ ರಕ್ತವೇ. ಮನೆಯಲ್ಲಿರುವ ಚಿಗಟದ ಸಂತತಿಯಲ್ಲಿ ನಾಯಿಯ ಮೈಮೇಲೆ ಇರುವುದು ಸುಮಾರು ಶೇ. 5 ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳು, ಕೋಶಗಳ ರೂಪದಲ್ಲಿ ಅದು ಮಲಗುವ ಗೋಣಿಚೀಲದಲ್ಲಿ, ನೆಲದ ಬಿರುಕಿನಲ್ಲಿ, ಸೋಫಾದ ಸಂದಿನಲ್ಲಿ ಅಡಗಿರುತ್ತದೆ. ಹೀಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯದಿದ್ದರೆ, ಮನೆಯಲ್ಲಿ ಇನ್ನೊಂದು ನಾಯಿಯೋ ಬೆಕ್ಕೋ ಇದ್ದು ಅದಕ್ಕೆ ಔಷಧಿ ಹಾಕದಿದ್ದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ. ಬೆಕ್ಕಿದ್ದರೆ ಒಂದು ಎಚ್ಚರಿಕೆ: ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬೆಕ್ಕಿನ ಜೀವಕ್ಕೇ ಅಪಾಯ.

ಕಜ್ಜಿಯ ನುಸಿ ಇನ್ನೊಂದು ಸಾಧ್ಯತೆ. ಕಿವಿಯ ಅಂಚಿನಲ್ಲಿ ಹಕ್ಕಳೆ ಕಟ್ಟಿದ್ದರೆ, ಮೊಣಕೈ ಹತ್ತಿರ ಕೂದಲು ಉದುರಿದ್ದರೆ, ಮನೆಯವರ ಕೈಗೂ ಹೊಟ್ಟೆಗೂ ತುರಿಕೆ ಬಂದಿದ್ದರೆ ಅದನ್ನು ಮೊದಲು ಅನುಮಾನಿಸಬೇಕು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ನುಸಿ ಹಲವು ಬಾರಿ ಸಿಗುವುದೇ ಇಲ್ಲ. ಹಾಗಾಗಿ ಅನುಮಾನವಿದ್ದರೆ ಚಿಕಿತ್ಸೆ ಕೊಟ್ಟೇ ನೋಡುವುದು ವಾಡಿಕೆ. ಈಗಿನ ಫ್ಲುರಾಲನರ್, ಅಫಾಕ್ಸೊಲನರ್ ಜಾತಿಯ ಔಷಧಿಗಳು ಚಿಗಟ, ಉಣ್ಣೆಗಳ ಜೊತೆಗೆ ನುಸಿಯನ್ನೂ ತೆಗೆಯುತ್ತವೆ. ಬ್ರೂನೋಗೆ ಹಿಂದೆಂದಾದರೂ ಫಿಟ್ಸ್ ಬಂದಿದ್ದರೆ ಇವನ್ನು ಕೊಡುವ ಮುನ್ನ ವೈದ್ಯರಿಗೆ ತಪ್ಪದೆ ತಿಳಿಸಿ.

ಎರಡನೆಯದು ಸೋಂಕು. ನೀವು ಬರೆದಿರುವ ಕಿವಿಯ ವಾಸನೆ ಮತ್ತು ಮಳೆಗಾಲದ ಉಲ್ಬಣ ಇದನ್ನೇ ಸೂಚಿಸುತ್ತವೆ. ಅಲರ್ಜಿಯಿಂದ ಹದಗೆಟ್ಟ ಚರ್ಮದ ಮೇಲೆ ಬ್ಯಾಕ್ಟೀರಿಯಾ ಮತ್ತು ಮಲಸೀಜಿಯಾ ಎಂಬ ಯೀಸ್ಟ್ ಬೆಳೆದು, ಅವುಗಳಿಂದಲೇ ಕೆರೆತ ಇಮ್ಮಡಿಯಾಗುತ್ತದೆ. ಬ್ರೂನೋನ ಮುಂಗಾಲನ್ನು ಬೆಳಕಿಗೆ ಹಿಡಿದು ಬೆರಳುಗಳನ್ನು ಮೆಲ್ಲನೆ ಅಗಲಿಸಿ ನೋಡಿ. ತಿಳಿ ಬಣ್ಣದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ಎಡೆಬಿಡದೆ ನೆಕ್ಕಿದ ಜೊಲ್ಲಿನ ಕಲೆ. ಬೆರಳ ಸಂದು ಕೆಂಪಾಗಿ, ಜಿಡ್ಡಾಗಿ, ಹಳಸಿದ ವಾಸನೆ ಬರುತ್ತಿದ್ದರೆ ಅಲ್ಲಿ ಯೀಸ್ಟ್ ಇರುವ ಸಂಭವ ಹೆಚ್ಚು. ಇದನ್ನು ಖಚಿತಪಡಿಸಲು ದೊಡ್ಡ ಪ್ರಯೋಗಾಲಯ ಬೇಡ: ವೈದ್ಯರು ಪಾರದರ್ಶಕ ಸೆಲೋಟೇಪನ್ನು ಚರ್ಮಕ್ಕೆ ಅಂಟಿಸಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಕಿವಿಯ ಕೊಳೆಯನ್ನೂ ಹೀಗೆಯೇ ನೋಡಬೇಕು. ಅದನ್ನು ನೋಡದೆ, ಕಿವಿಯ ತಮಟೆ ಸರಿಯಾಗಿದೆಯೇ ಎಂದು ಪರೀಕ್ಷಿಸದೆ ಸಿಕ್ಕಿದ ಹನಿ ಔಷಧಿ ಬಿಡುವುದು ಸರಿಯಲ್ಲ. ಚರ್ಮದ ಮೇಲ್ಪದರದ ಸೋಂಕಿಗೆ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ ಹಲವು ಬಾರಿ ಸಾಕಾಗುತ್ತದೆ. ವಾರಕ್ಕೆ ಎರಡು ಸ್ನಾನ. ನೊರೆ ಹಚ್ಚಿ ಹತ್ತು ನಿಮಿಷ ಬಿಟ್ಟ ಮೇಲೆಯೇ ತೊಳೆಯಬೇಕು. ಈ ಹತ್ತು ನಿಮಿಷವನ್ನು ಗಡಿಯಾರ ನೋಡಿಯೇ ಎಣಿಸಿ, ಅಂದಾಜು ಯಾವಾಗಲೂ ಮೂರು ನಿಮಿಷಕ್ಕೇ ಮುಗಿದುಹೋಗುತ್ತದೆ.

ಹೊರಗಿನ ಜೀವಿಗಳೂ ಸೋಂಕೂ ಹತೋಟಿಗೆ ಬಂದ ಮೇಲೂ ಕೆರೆತ ಉಳಿದರೆ ಆಗ ಆಹಾರದ ಪರೀಕ್ಷೆ. ಇದಕ್ಕೆ ಅಡ್ಡದಾರಿಯಿಲ್ಲ. ರಕ್ತ, ಜೊಲ್ಲು ಅಥವಾ ಕೂದಲನ್ನು ಕಳುಹಿಸಿದರೆ ಯಾವ ಆಹಾರದ ಅಲರ್ಜಿ ಎಂದು ಹೇಳುತ್ತೇವೆ ಎನ್ನುವ ಪರೀಕ್ಷೆಗಳನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ಆಹಾರದ ವಿಚಾರದಲ್ಲಿ ಅವು ಭರವಸೆಗೆ ಅರ್ಹವಲ್ಲ. ನಾಯಿ ಹಿಂದೆಂದೂ ತಿಂದಿರದ ಒಂದು ಪ್ರೋಟೀನು, ಹಿಂದೆಂದೂ ತಿಂದಿರದ ಒಂದು ಪಿಷ್ಟ, ಇವೆರಡನ್ನೇ ಎಂಟು ವಾರ ಕೊಡುವುದೇ ಪರೀಕ್ಷೆ. ಎಂಟು ವಾರವೇ ಏಕೆಂದರೆ, ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವು ಐದನೆಯ ವಾರಕ್ಕೆ ಸುಧಾರಿಸಿದರೂ ಶೇ. 90 ದಾಟಬೇಕಾದರೆ ಎಂಟು ವಾರ ಬೇಕು. ನೀವು ಎರಡು-ಮೂರು ವಾರಕ್ಕೇ ಬದಲಿಸಿದ್ದರಿಂದ ಯಾವ ಆಹಾರಕ್ಕೂ ತನ್ನ ಗುಣ ತೋರಿಸುವ ಅವಕಾಶ ಸಿಗಲಿಲ್ಲ. ಜೊತೆಗೆ ಅಂಗಡಿಯಲ್ಲಿ ಸಿಗುವ ಒಣ ಆಹಾರದ ಚೀಲದ ಮೇಲೆ 'ಕುರಿ' ಎಂದು ದೊಡ್ಡದಾಗಿ ಬರೆದಿದ್ದರೂ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಕೋಳಿಯ ಕೊಬ್ಬೋ ಕೋಳಿಯ ಪುಡಿಯೋ ಇರುವುದು ಸಾಮಾನ್ಯ. ಬರೆಯದೇ ಇದ್ದರೂ ಬೇರೆ ಮಾಂಸದ ಅಂಶ ಬೆರೆತಿರುವುದು ತಪಾಸಣೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ, ಏಕೆಂದರೆ ಒಂದೇ ಯಂತ್ರದಲ್ಲಿ ಹಲವು ಬಗೆಯ ಆಹಾರ ತಯಾರಾಗುತ್ತದೆ.

ಬ್ರೂನೋಗೆ ಏನು ಕೊಡಬಹುದು ಎಂದು ನೋಡೋಣ. ಕೋಳಿ, ಮೊಟ್ಟೆ, ಹಾಲು, ಅಕ್ಕಿ ಹಳೆಯವು. ಕುರಿಯನ್ನೂ ಮೀನನ್ನೂ ನೀವು ಚೀಲದ ಮೂಲಕ ಪರಿಚಯಿಸಿಬಿಟ್ಟಿದ್ದೀರಿ, ಆದ್ದರಿಂದ ಅವೂ ಹೊಸತಲ್ಲ. ಬಾತುಕೋಳಿ, ಗೌಜಲು ಹೊಸತೆನಿಸಿದರೂ ಕೋಳಿಯ ಹತ್ತಿರದ ಬಳಗವಾದ್ದರಿಂದ ನಾನು ಒಪ್ಪುವುದಿಲ್ಲ. ನಿಮ್ಮ ಕಡೆ ಹಂದಿಮಾಂಸ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಅಭ್ಯಂತರವಿಲ್ಲದಿದ್ದರೆ, ಬ್ರೂನೋ ಅದನ್ನು ತಿಂದಿಲ್ಲವೆಂದಾದರೆ, ಕೊಬ್ಬಿಲ್ಲದ ಹಂದಿಮಾಂಸ ಮತ್ತು ಸಿಹಿಗೆಣಸು ಒಳ್ಳೆಯ ಜೋಡಿ. 30 ಕೆ.ಜಿ. ತೂಕದ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಸುಮಾರು 1,300 ಕ್ಯಾಲೊರಿ ಬೇಕಾಗುತ್ತದೆ. ಮೂಳೆಯಿಲ್ಲದ ತೆಳು ಮಾಂಸ 400 ಗ್ರಾಂ, ಸಿಪ್ಪೆ ತೆಗೆದ ಗೆಣಸು 700 ಗ್ರಾಂ, ಎರಡನ್ನೂ ಹಸಿಯಾಗಿದ್ದಾಗಲೇ ತೂಗಿ ಚೆನ್ನಾಗಿ ಬೇಯಿಸಿ, ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆ ಸೇರಿಸಿದರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುವ ವಿಷ. ಹಂದಿಯ ಕೊಬ್ಬನ್ನು ಬಿಡಿಸಿ ತೆಗೆಯಿರಿ, ಅತಿ ಕೊಬ್ಬಿನಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ಹಳೆಯ ಆಹಾರದಿಂದ ಹೊಸದಕ್ಕೆ ಐದಾರು ದಿನಗಳಲ್ಲಿ ನಿಧಾನವಾಗಿ ದಾಟಿಸಿ, ವಾರಕ್ಕೊಮ್ಮೆ ತೂಕ ನೋಡಿ ಪ್ರಮಾಣವನ್ನು ಹೊಂದಿಸಿ. ಈ ಊಟದಲ್ಲಿ ಕ್ಯಾಲ್ಸಿಯಂ ಮತ್ತಿತರ ಪೋಷಕಾಂಶಗಳು ಸಾಲುವುದಿಲ್ಲ. ಆರೋಗ್ಯವಾಗಿರುವ ವಯಸ್ಕ ನಾಯಿ ಎಂಟು ವಾರ ತಾಳಿಕೊಳ್ಳುತ್ತದೆ, ಆದರೆ ಬೆಳೆಯುವ ಮರಿಗೆ ಇದನ್ನು ಕೊಡಲೇಬಾರದು, ವಯಸ್ಕ ನಾಯಿಗೂ ವರ್ಷಗಟ್ಟಲೆ ಹೀಗೇ ಮುಂದುವರಿಸಬಾರದು.

ಮಾಂಸ ಬೇಯಿಸುವುದು ಆಗದ ಮನೆಗಳಿಗೆ ಪಶುವೈದ್ಯರ ಸಲಹೆಯ ಮೇಲೆ ಸಿಗುವ ಹೈಡ್ರೊಲೈಸ್ಡ್ ಆಹಾರವಿದೆ. ಅದರಲ್ಲಿ ಪ್ರೋಟೀನನ್ನು ರಕ್ಷಣಾ ವ್ಯವಸ್ಥೆ ಗುರುತಿಸಲಾಗದಷ್ಟು ಸಣ್ಣ ತುಂಡುಗಳಾಗಿ ಒಡೆದಿರುತ್ತಾರೆ. ಬೆಲೆ ಹೆಚ್ಚು, ಆದರೆ ಪೋಷಕಾಂಶಗಳು ಪೂರ್ಣವಾಗಿರುತ್ತವೆ. ಕೋಳಿಯ ಮೇಲೆ ಅನುಮಾನವಿರುವ ಬ್ರೂನೋನಂತಹ ನಾಯಿಗೆ ಕೋಳಿಯಿಂದ ತಯಾರಿಸಿದ್ದನ್ನು ಬಿಟ್ಟು ಸೋಯಾದಂತಹ ಬೇರೆ ಮೂಲದ್ದನ್ನು ಕೇಳಿ, ಏಕೆಂದರೆ ಒಡೆದ ಪ್ರೋಟೀನಿಗೂ ಪ್ರತಿಕ್ರಿಯಿಸುವ ನಾಯಿಗಳಿವೆ.

ಆಹಾರದ ಆಯ್ಕೆಗಿಂತ ಕಷ್ಟವಾದದ್ದು ಮನೆಮಂದಿಯ ಕೈ ಕಟ್ಟುವುದು. ಹಾಸನದ ಕಡೆಯ ಒಂದು ಮನೆಯ ಪಗ್ ನಾಯಿಗೆ ನಾನು ಮಾಡಿಸಿದ ಪರೀಕ್ಷೆ ಎರಡು ಸಲ ವಿಫಲವಾಯಿತು. ಮನೆಯೊಡತಿ ಅಕ್ಕರೆಯಿಂದ ತೂಗಿ, ಬೇಯಿಸಿ, ಬರೆದಿಟ್ಟಿದ್ದರು. ಎಲ್ಲಿ ತಪ್ಪುತ್ತಿದೆಯೆಂದು ನನಗೂ ಹೊಳೆಯಲಿಲ್ಲ. ಮೂರನೆಯ ಸಲ ಬೆಳಗಿನ ಹೊತ್ತು ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಒಂದೊಂದಾಗಿ ಕೇಳಿದಾಗ ತಿಳಿಯಿತು: ಅಜ್ಜಿ ಬೆಳಗಿನ ಕಾಫಿಗೆ ರಸ್ಕ್ ಅದ್ದಿ ತಿನ್ನುವಾಗ ಕಾಲ ಬಳಿ ಕಾಯುವ ನಾಯಿಗೆ ಕೊನೆಯ ತುಣುಕನ್ನು ಕೊಡುತ್ತಿದ್ದರು. ಅವರ ದೃಷ್ಟಿಯಲ್ಲಿ ಅದು ಊಟವೇ ಅಲ್ಲ, ಬಾಯಿಗೊಂದು ಚೂರು. ಅಜ್ಜಿಗೆ ಕೊಡಬೇಡಿ ಎನ್ನಲು ನನಗೂ ಮನಸ್ಸಾಗಲಿಲ್ಲ. ಬೇಯಿಸಿದ ಗೆಣಸಿನ ಸಣ್ಣ ತುಂಡುಗಳ ಡಬ್ಬಿಯೊಂದನ್ನು ಅವರ ಕುರ್ಚಿಯ ಪಕ್ಕದಲ್ಲೇ ಇಡಿಸಿದೆವು. ಆರನೆಯ ವಾರದ ಹೊತ್ತಿಗೆ ಕೆರೆತ ಇಳಿಯಿತು. ಮುಂದೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಕೊಟ್ಟಾಗ ಕೋಳಿಯಿಂದ ಏನೂ ಆಗಲಿಲ್ಲ. ಹಾಲು ಕೊಟ್ಟ ನಾಲ್ಕನೆಯ ದಿನಕ್ಕೆ ನಾಯಿ ಮತ್ತೆ ಪಾದ ನೆಕ್ಕತೊಡಗಿತು.

ನಿಮ್ಮ ತೋಟದ ಮನೆಯಲ್ಲೂ ಇಂತಹ ಹತ್ತು ಕೈಗಳಿರುತ್ತವೆ. ಕೆಲಸದವರ ಊಟದ ಹೊತ್ತಿನಲ್ಲಿ ಬ್ರೂನೋನನ್ನು ಕಟ್ಟಿಹಾಕಿ, ಅವರಿಗೂ ವಿಷಯ ತಿಳಿಸಿ ಹೇಳಿ. ಸತ್ತ ಹಕ್ಕಿ, ಎಸೆದ ಮೂಳೆ, ಹಸುವಿನ ಕೊಟ್ಟಿಗೆಯ ಹಾಲಿನ ಪಾತ್ರೆ ಎಲ್ಲದರ ಮೇಲೂ ಗಮನವಿರಲಿ. ಹೆಚ್ಚು ಮಂದಿ ಮರೆಯುವುದು ಔಷಧಿಯನ್ನು: ಅಗಿದು ತಿನ್ನುವ ಚಿಗಟದ ಮಾತ್ರೆ, ಜಂತುಹುಳುವಿನ ಮಾತ್ರೆಗಳಿಗೆ ಮಾಂಸದ ರುಚಿ ಬೆರೆಸಿರುತ್ತಾರೆ, ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಆಗಿರುತ್ತದೆ. ಪರೀಕ್ಷೆಯ ಅವಧಿಯಲ್ಲಿ ಕತ್ತಿನ ಹಿಂಭಾಗಕ್ಕೆ ಬಿಡುವ ಹನಿ ಔಷಧಿಯನ್ನೇ ಬಳಸಿ. ಮಾತ್ರೆ ನುಂಗಿಸಲು ಪೇಡಾ, ಚೀಸ್, ಬ್ರೆಡ್ ಬೇಡ. ಗೆಣಸಿನ ಉಂಡೆಯಲ್ಲಿಟ್ಟು ಕೊಡಿ.

ಎಂಟು ವಾರ ನಾಯಿ ಕೆರೆದುಕೊಳ್ಳುತ್ತಲೇ ಇರಲಿ ಎಂದು ನಾನು ಹೇಳುವುದಿಲ್ಲ. ಮೊದಲ ಮೂರು-ನಾಲ್ಕು ವಾರ ವೈದ್ಯರು ಕೆರೆತ ತಗ್ಗಿಸುವ ಮಾತ್ರೆ ಕೊಡಬಹುದು. ಆದರೆ ಕೊನೆಯ ಎರಡು ವಾರವಾದರೂ ಯಾವ ಔಷಧಿಯೂ ಇಲ್ಲದೆ, ಬರಿಯ ಆಹಾರದ ಬಲದ ಮೇಲೆ ನಾಯಿ ಹೇಗಿದೆ ಎಂದು ನೋಡಲೇಬೇಕು. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಕೆರೆತಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ, ರಾತ್ರಿ ಎಷ್ಟು ಸಲ ಎದ್ದು ನೆಕ್ಕಿದ, ದಿನಕ್ಕೆ ಎಷ್ಟು ಸಲ ಮಲವಿಸರ್ಜನೆ ಮಾಡಿದ ಎಂದು ಬರೆದಿಡಿ. ಆಹಾರದ ಅಲರ್ಜಿಯಿರುವ ಕೆಲವು ನಾಯಿಗಳು ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೋಗುತ್ತವೆ. ಕೆರೆತ ಇಳಿದರೆ ಅಲ್ಲಿಗೆ ಮುಗಿಯಿತೆಂದು ಬಹಳ ಮಂದಿ ನಿಲ್ಲಿಸಿಬಿಡುತ್ತಾರೆ, ಪರೀಕ್ಷೆ ಕೆಡುವುದು ಅಲ್ಲೇ. ಮಳೆ ನಿಂತದ್ದರಿಂದಲೋ ಸೋಂಕು ಗುಣವಾದದ್ದರಿಂದಲೋ ಇಳಿದಿರಬಹುದು. ಹಳೆಯ ಕೋಳಿ-ಅನ್ನವನ್ನು ಮತ್ತೆ ಕೊಟ್ಟು ಎರಡು ವಾರ ಕಾಯಬೇಕು. ಕೆರೆತ ಮರಳಿದರೆ ಆಹಾರದ ಅಲರ್ಜಿ ಖಚಿತ. ತಕ್ಷಣ ಪರೀಕ್ಷೆಯ ಊಟಕ್ಕೆ ಹಿಂತಿರುಗಿ, ಶಾಂತವಾದ ಮೇಲೆ ಕೋಳಿ, ಮೊಟ್ಟೆ, ಹಾಲು, ಗೋಧಿಯನ್ನು ಒಂದೊಂದಾಗಿ, ಒಂದಕ್ಕೆ ಎರಡು ವಾರದಂತೆ ಕೊಟ್ಟು ಅಪರಾಧಿಯನ್ನು ಹಿಡಿಯಬಹುದು. ಗುಣವಾದ ನಾಯಿಗೆ ಮತ್ತೆ ಕೆರೆತ ತರಿಸುವುದು ಕ್ರೂರವೆನಿಸುತ್ತದೆ ಎಂದು ಮಾಲೀಕರು ನನ್ನಲ್ಲಿ ಹೇಳಿದ್ದಾರೆ. ಆ ಸಂಕಟ ನನಗೂ ಆಗುತ್ತದೆ. ಆದರೆ ಕಾರಣ ಗೊತ್ತಿಲ್ಲದೆ ಹತ್ತು ವರ್ಷ ಪಥ್ಯ ಮಾಡಿಸುವುದಕ್ಕಿಂತ ಈ ಕೆಲವು ದಿನಗಳ ಕಷ್ಟ ಕಡಿಮೆ.

ಪರೀಕ್ಷೆಯಿಂದ ಏನೂ ಆಗದಿದ್ದರೆ ಉಳಿಯುವುದು ಧೂಳಿನ ನುಸಿ, ಪರಾಗ, ಬೂಷ್ಟುಗಳಿಂದ ಬರುವ ಅಟೋಪಿ ಎಂಬ ಚರ್ಮದ ಅಲರ್ಜಿ. ಬ್ರೂನೋನ ತಳಿ, ಶುರುವಾದ ವಯಸ್ಸು, ಮುಂಗಾಲು ಮತ್ತು ಕಿವಿಯ ತೊಂದರೆ ಇದಕ್ಕೂ ಹೊಂದುತ್ತವೆ. ನೋಟದಿಂದ ಎರಡನ್ನೂ ಬೇರ್ಪಡಿಸಲಾಗದು, ಎರಡೂ ಒಟ್ಟಿಗೇ ಇರುವ ನಾಯಿಗಳೂ ಉಂಟು. ಅಟೋಪಿ ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವ ಕಾಯಿಲೆ. ನಿಮ್ಮ ಇಂಜೆಕ್ಷನ್ ಪ್ರಶ್ನೆಗೆ ಉತ್ತರ ಇಲ್ಲಿದೆ. ತಿಂಗಳು ಕಾಲ ಆರಾಮ ಕೊಟ್ಟದ್ದು ಬಹುಶಃ ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್. ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ, ಕೆರೆತ ಉಲ್ಬಣಿಸಿದಾಗ ಅದರಷ್ಟು ಬೇಗ ನೆಮ್ಮದಿ ಕೊಡುವುದು ಕಡಿಮೆ. ಆದರೆ ಒಮ್ಮೆ ಚುಚ್ಚಿದ ಇಂಜೆಕ್ಷನ್ನನ್ನು ಹಿಂದಕ್ಕೆ ತೆಗೆಯಲಾಗದು, ಪದೇ ಪದೇ ಕೊಟ್ಟರೆ ಅತಿಯಾದ ಬಾಯಾರಿಕೆ, ಹಸಿವು, ಸ್ನಾಯು ಸವೆತ, ಸೋಂಕು ಬರುತ್ತವೆ. ಮಾತ್ರೆಯಾದರೆ ಪ್ರಮಾಣ ಇಳಿಸಬಹುದು, ನಿಲ್ಲಿಸಬಹುದು. ಇದಲ್ಲದೆ ಕೆರೆತದ ಸಂದೇಶವನ್ನೇ ತಡೆಯುವ ಓಕ್ಲಾಸಿಟಿನಿಬ್ ಇದೆ, ಒಂದು ವರ್ಷಕ್ಕಿಂತ ಚಿಕ್ಕ ನಾಯಿಗೆ ಕೊಡುವಂತಿಲ್ಲ. ರಕ್ಷಣಾ ವ್ಯವಸ್ಥೆಯ ಅಬ್ಬರ ತಗ್ಗಿಸುವ ಸೈಕ್ಲೊಸ್ಪೊರಿನ್ ಗುಣ ಕಾಣಿಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾಯಿಗೆ ಒಗ್ಗದ ಅಂಶವನ್ನೇ ಸಣ್ಣ ಪ್ರಮಾಣದಲ್ಲಿ ಚುಚ್ಚಿ ಒಗ್ಗಿಸುವ ಇಮ್ಯುನೊಥೆರಪಿಯೂ ಇದೆ. ಫಲ ತಿಳಿಯಲು ಒಂದು ವರ್ಷ ಬೇಕು. ಮನುಷ್ಯರ ಸೆಟ್ರಿಜಿನ್ ಮಾತ್ರೆಯಿಂದ ಹೆಚ್ಚು ನಿರೀಕ್ಷಿಸಬೇಡಿ.

ಮೀನೆಣ್ಣೆಯ ಒಮೆಗಾ-3 ಚರ್ಮಕ್ಕೆ ನೆರವಾಗುತ್ತದೆ, ಆದರೆ ಸುಮಾರು 12 ವಾರ ಬೇಕು, ಅದನ್ನು ಆಹಾರ ಪರೀಕ್ಷೆ ಮುಗಿದ ಮೇಲೆ ಶುರುಮಾಡಿ. ಕೊಬ್ಬರಿ ಎಣ್ಣೆಯಲ್ಲಿ ಆ ಅಂಶವಿಲ್ಲ. ಕರ್ಪೂರ, ಸೀಮೆಎಣ್ಣೆ, ಹಳೆಯ ಇಂಜಿನ್ ಆಯಿಲ್ ಹಚ್ಚುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ನಾಯಿ ನೆಕ್ಕಿ ನುಂಗುವುದರಿಂದ ಇವು ನೇರವಾಗಿ ಹೊಟ್ಟೆಗೆ ಹೋಗುತ್ತವೆ, ದಯವಿಟ್ಟು ಬೇಡ.

ಕೊನೆಯ ಇಂಜೆಕ್ಷನ್ನಿನ ಪ್ರಭಾವ ಇನ್ನೂ ಕೆಲವು ವಾರ ಇರುವುದರಿಂದ ಆಹಾರ ಪರೀಕ್ಷೆಯನ್ನು ಇಂದೇ ಶುರುಮಾಡುವ ಅವಸರವಿಲ್ಲ. ಈ ಒಂದು ತಿಂಗಳನ್ನು ಚಿಗಟ, ನುಸಿ ಮತ್ತು ಕಿವಿಯ ಚಿಕಿತ್ಸೆಗೆ ಬಳಸಿ. ವೈದ್ಯರ ಬಳಿ ಹೋಗುವಾಗ ಇಂಜೆಕ್ಷನ್ ಹಾಕಿಸಿದ ದಿನಾಂಕಗಳು, ಹಳೆಯ ಚೀಟಿಗಳು, ಮೂರೂ ಆಹಾರದ ಚೀಲಗಳ ಹಿಂಭಾಗದ ಫೋಟೊ ಜೊತೆಯಲ್ಲಿರಲಿ; ಹಿಂದಿನ ದಿನ ಕಿವಿಯನ್ನು ತೊಳೆಯಬೇಡಿ, ನೋಡಬೇಕಾದ ಕೊಳೆಯೇ ಹೋಗಿಬಿಡುತ್ತದೆ. ಸೂಕ್ಷ್ಮದರ್ಶಕದ ಪರೀಕ್ಷೆ ನಿಮ್ಮ ಊರಿನಲ್ಲಿ ಆಗದಿದ್ದರೆ ಹಾಸನ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ದೂರವಲ್ಲ.